ಅಜ್ಜಿಯ ಡಿಕ್ಲರೇಷನ್, ನಿನ್ನ ಅರ್ಜಿ

ಪುಟ್ಟಿ,

ನಿನ್ನ ವಾಯ್ಸ್ ಮೆಸೇಜ್ ನಿನ್ನೆ ರಾತ್ರಿ ಎರಡು ಸಲ ಕೇಳಿದೆ. ಹನ್ನೊಂದು ನಿಮಿಷ! ಅದರಲ್ಲಿ ಅರ್ಧ ಅಳು, ನಡುವೆ ಮಗು ಎದ್ದದ್ದು, ನೀನು ಹಾಲು ಕುಡಿಸುತ್ತಲೇ ಮಾತಾಡಿದ್ದು ಎಲ್ಲ ಕೇಳಿಸಿತು. ಫೋನ್ ಮಾಡಿದರೆ ನಾನು ವಿಷಯ ಬಿಟ್ಟು ಎಲ್ಲೆಲ್ಲೋ ಹೋಗುತ್ತೇನೆ, ನಿನಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಮಗು ಮಲಗಿದ ಮೇಲೆ ಓದು.

ನೀನು ಹೇಳಿದ್ದರಲ್ಲಿ ಒಂದು ಮಾತು ಮಾತ್ರ ನನಗೆ ಹಿಡಿಸಲಿಲ್ಲ. "ಅಜ್ಜಿ ಮಕ್ಕಳಿಗೋಸ್ಕರ ಮನೆಯಲ್ಲೇ ಜೀವ ತೇದರು, ನಾನು ಏಳು ತಿಂಗಳ ಮಗುವನ್ನು ಬಿಟ್ಟು ಆಫೀಸಿಗೆ ಹೊರಟಿದ್ದೇನೆ" ಅಂದೆಯಲ್ಲ, ಅದು. ಅಜ್ಜಿ ಮನೆಯಲ್ಲೇ ಇದ್ದರು ಅಂತ ಯಾರು ಹೇಳಿದರು ನಿನಗೆ? ಗೋಡೆಗೆ ಹಾರ ಹಾಕಿದ ಫೋಟೋ ಬಂದ ಮೇಲೆ ಎಲ್ಲ ತಾಯಂದಿರೂ ಒಂದೇ ಥರ ಆಗಿಬಿಡುತ್ತಾರೆ. ನನ್ನಮ್ಮ ಅಂಥ ಶಾಂತ ಹೆಂಗಸಲ್ಲ. ಬಾಯಿ ಜೋರು. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದರಲ್ಲಿ ಬಾರಿಸುತ್ತಿದ್ದಳು. ಹಗಲು ಗದ್ದೆ, ಸಂಜೆಯಾದರೆ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟುವುದು. ಇಪ್ಪತ್ತೈದರ ಒಂದು ಕಟ್ಟು, ಅಂಥ ನಲವತ್ತು ಕಟ್ಟಾದರೆ ಸಾವಿರ. ಅದನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋದರೆ ಅಲ್ಲಿ ಇದು ಸಪೂರ, ಅದು ದಪ್ಪ ಅಂತ ಒಂದಷ್ಟು ಬೀಡಿ ಬದಿಗೆ ಹಾಕುತ್ತಿದ್ದರು, ಅದಕ್ಕೆ ಕಾಸಿಲ್ಲ.

ನಿನ್ನ ಅಮ್ಮನಿಗೆ, ಅಂದರೆ ನನ್ನ ತಂಗಿಗೆ, ಆಗ ಎರಡೋ ಮೂರೋ ವರ್ಷ. ನಾಟಿಯ ಸಮಯದಲ್ಲಿ, ನಾನು ಶಾಲೆಯಲ್ಲಿರುವಾಗ, ಅಮ್ಮ ಅವಳ ಸೊಂಟಕ್ಕೆ ಹಳೇ ಸೀರೆ ಸುತ್ತಿ ಜಗಲಿಯ ಕಂಬಕ್ಕೆ ಕಟ್ಟಿಹಾಕಿ ಹೋಗುತ್ತಿದ್ದಳು. ಮುಂದೆ ಒಂದು ತಟ್ಟೆಯಲ್ಲಿ ಅವಲಕ್ಕಿ. ಅಂಗಳದಾಚೆ ಬಾವಿಗೆ ಕಟ್ಟೆ ಇರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ನಾನು ಶಾಲೆಯಿಂದ ಬರುವಾಗ ಅವಳು ಅತ್ತು ಅತ್ತು ಕಂಬಕ್ಕೆ ಒರಗಿ ನಿದ್ದೆ ಮಾಡಿರುತ್ತಿದ್ದಳು. ನಿನ್ನ ಅಮ್ಮ ಇದನ್ನು ನಿನಗೆ ಹೇಳಿರಲಿಕ್ಕಿಲ್ಲ. ಈಗಲೂ ಅವಳು ಮನೆಯಲ್ಲಿ ಒಬ್ಬಳೇ ಇರುವುದಿಲ್ಲ, ಬಚ್ಚಲಿನ ಚಿಲಕ ಕೂಡ ಪೂರ್ತಿ ಹಾಕುವುದಿಲ್ಲ, ಗಮನಿಸಿದ್ದೀಯಾ? ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ನಾನಂದುಕೊಂಡಿದ್ದೇನೆ. ಅವಳು ಒಪ್ಪುವುದಿಲ್ಲ.

ಈಗ ಡಿಕ್ಲರೇಷನ್ನಿನ ಕಥೆ. ನೀನು ತುಂಡು ತುಂಡಾಗಿ ಕೇಳಿದ್ದೀಯ, ನಾನು ಪೂರ್ತಿ ನೋಡಿದ್ದೇನೆ.

1974ರ ಮಾರ್ಚ್ 1. ಈ ತಾರೀಕು ನಮ್ಮ ಕಡೆಯ ಹಳಬರಿಗೆ ಬಾಯಿಪಾಠ. ದೇವರಾಜ ಅರಸು ಮುಖ್ಯಮಂತ್ರಿ. ಭೂಸುಧಾರಣೆಯ ತಿದ್ದುಪಡಿ ಆವತ್ತಿನಿಂದ ಜಾರಿ. ಗೇಣಿಗೆ ಕೊಟ್ಟಿದ್ದ ಭೂಮಿ ಕಾನೂನಿನ ಲೆಕ್ಕದಲ್ಲಿ ಸರ್ಕಾರದ ಕೈಗೆ ಬಂತು, ಉಳುತ್ತಿದ್ದವರು ಅದನ್ನು ತಮ್ಮ ಹೆಸರಿಗೆ ಕೇಳಬಹುದು ಅಂತಾಯಿತು. ಕೇಳಬಹುದು, ಅಷ್ಟೆ. ಯಾರೂ ಮನೆ ಬಾಗಿಲಿಗೆ ತಂದು ಕೊಡುವುದಿಲ್ಲ. ಫಾರ್ಮ್ 7 ತುಂಬಿ ಕೊಡಬೇಕು. ನಮ್ಮಲ್ಲಿ ಅದಕ್ಕೇ ಡಿಕ್ಲರೇಷನ್ ಕೊಡುವುದು ಅನ್ನುತ್ತಿದ್ದರು. ಗಡುವು ಮುಂದೆ ಮುಂದೆ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಅಷ್ಟು ಸಮಯ ಇದ್ದರೂ ಕೊಡದೆ ಉಳಿದವರು ನಮ್ಮ ಗುಡ್ಡದಾಚೆಯೇ ಇದ್ದರು. ಕೆಲವರಿಗೆ ಧಣಿಗಳ ದಾಕ್ಷಿಣ್ಯ, ಕೆಲವರಿಗೆ ಧಣಿಗಳ ಮನೆಯ ದೈವದ ಹೆದರಿಕೆ.

ನಮ್ಮದು ಚಾಲಗೇಣಿ, ಅಂದರೆ ಧಣಿಗಳು ಬೇಕೆಂದಾಗ ಬಿಡಿಸಬಹುದಾದ ಗೇಣಿ, ವರ್ಷಕ್ಕೆ 12 ಮುಡಿ ಅಕ್ಕಿ. ಅಪ್ಪ ತೀರಿಹೋಗಿ ಒಂದು ವರ್ಷ ಆಗಿತ್ತು. ಒಂದು ದಿನ ಧಣಿಗಳ ಗುಮಾಸ್ತ ಒಂದು ಕಾಗದ, ಶಾಯಿಯ ಡಬ್ಬಿ ಹಿಡಿದುಕೊಂಡು ಬಂದ. "ಭೂಮಿಯನ್ನು ಸ್ವಂತ ಖುಷಿಯಿಂದ ಬಿಟ್ಟುಕೊಟ್ಟಿದ್ದೇನೆ" ಅಂತ ಅದರಲ್ಲಿ ಬರೆದಿತ್ತು. ಹೆಬ್ಬೆಟ್ಟು ಒತ್ತಬೇಕಂತೆ. ಅಮ್ಮನಿಗೆ ಓದಲು ಬರುವುದಿಲ್ಲ, ಆದರೆ ವಾಸನೆ ಹತ್ತಿತು. ಹಟ್ಟಿಯಲ್ಲಿ ಸೆಗಣಿ ಬಾಚುತ್ತಿದ್ದವಳು ಕೈ ತೊಳೆಯಲೇ ಇಲ್ಲ. ಆತ ತೊಳೆದು ಬಾ ಅನ್ನುವುದು, ಇವಳು ಇನ್ನೂ ಸ್ವಲ್ಪ ಕೆಲಸ ಇದೆ ಅನ್ನುವುದು. ಒಂದು ಗಂಟೆ ಹೀಗೇ. ಆಮೇಲೆ ಆತ ಹೋದ. ಆತ ದಣಪೆ ದಾಟುವವರೆಗೂ ನೆಟ್ಟಗೆ ನಿಂತಿದ್ದವಳು ಆಮೇಲೆ ಹಟ್ಟಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ನಾನು ಚೊಂಬಲ್ಲಿ ನೀರು ಕೊಟ್ಟೆ.

ಮರುವಾರವೇ ಪೇಟೆಯ ದರ್ಜಿಯೊಬ್ಬರ ಹತ್ತಿರ ಫಾರ್ಮ್ ತುಂಬಿಸಿದಳು. ಮೈದುನನ ಹೆಸರಲ್ಲಿ ಹಾಕು, ಹೆಂಗಸಿನ ಹೆಸರಿಗೆ ಯಾರು ಕೊಡುತ್ತಾರೆ ಅಂದರು ಊರಿನವರು. "ಗದ್ದೆಯಲ್ಲಿ ಬಗ್ಗುವಾಗ ಹೆಂಗಸು ಅಂತ ಯಾರೂ ಹೇಳಲಿಲ್ಲ" ಅಂದಳು, ಅಷ್ಟೇ.

ವಿಚಾರಣೆ ಬಂದದ್ದು 1975ರಲ್ಲಿ. ನನಗೆ ಹತ್ತು ವರ್ಷ. ಶಾಲೆಗೆ ರಜೆ ಹಾಕಿಸಿ ನನ್ನನ್ನು ಕರೆದುಕೊಂಡು ಬಂಟ್ವಾಳಕ್ಕೆ ಹೊರಟಳು. ಯಾಕೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ, ಕೇಳಿದರೆ ರಜೆ ಕ್ಯಾನ್ಸಲ್ ಆದರೆ ಅಂತ. ಆಗ ಭೂನ್ಯಾಯ ಮಂಡಳಿಯಲ್ಲಿ ವಕೀಲರು ಬಂದು ವಾದ ಮಾಡುವ ಹಾಗಿರಲಿಲ್ಲ, ಕಾಯ್ದೆಯಲ್ಲೇ ಹಾಗಿತ್ತು. ಬಡವರಿಗೆ ಫೀಸಿನ ತಾಪತ್ರಯ ಬೇಡ ಅಂತ ಇರಬೇಕು. ಅಂದರೆ ಏನಾಯಿತು, ಅಮ್ಮನೇ ನಿಂತು ಮಾತಾಡಬೇಕು. ಎದುರು ಕೂತ ಅಸಿಸ್ಟೆಂಟ್ ಕಮಿಷನರ್ ಘಟ್ಟದ ಮೇಲಿನವರು, ತುಳು ಬಾರದು. ಅಮ್ಮನಿಗೆ ಕನ್ನಡ ಬಾರದು. ಮಂಡಳಿಯ ಸದಸ್ಯರಿಗೆ ತುಳು ಬರುತ್ತಿತ್ತು, ಆದರೆ ಅಮ್ಮನಿಗೆ ಅವರ ಮೇಲೆ ನಂಬಿಕೆ ಇಲ್ಲ, ಎಲ್ಲ ಧಣಿಗಳ ಗುರುತಿನವರು ಅಂತ. ಅದಕ್ಕೇ ನಾನು. ಐದನೇ ಕ್ಲಾಸಿನ ಹುಡುಗಿ ಅವಳ ಬಾಯಿ.

ಗೇಣಿ ಕೊಟ್ಟದ್ದಕ್ಕೆ ರಶೀದಿ ಇದೆಯಾ ಅಂತ ಕೇಳಿದರು. ಇಲ್ಲ, ಧಣಿಗಳು ಯಾವತ್ತೂ ಕೊಟ್ಟದ್ದಿಲ್ಲ. ಹಾಗಾದರೆ ಉಳುತ್ತಿದ್ದದ್ದು ನೀನೇ ಅನ್ನುವುದಕ್ಕೆ ಏನು ಸಾಕ್ಷಿ? ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರು ಮಾಡಿದಳು ನೋಡು. ಕೆಳಗೆ ಬೈಲು ಮೂರು ಗದ್ದೆ, ಅದರ ಮೇಲೆ ಮಜಲು ಎರಡು, ಗುಡ್ಡದ ಬದಿ ಬೆಟ್ಟು ಒಂದು. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಮೂರೂ ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಮಳೆಗಾಲದ್ದು ಒಂದೇ. ತೋಡಿನ ಬದಿಯ ಬದು ಪ್ರತಿ ಆಟಿ ತಿಂಗಳ ಮಳೆಯಲ್ಲಿ ಒಡೆಯುತ್ತದೆ, ಕಳೆದ ವರ್ಷ ನೇತ್ರಾವತಿ ಉಕ್ಕಿದಾಗ ಪೂರ್ತಿ ಹೋಗಿತ್ತು, ಅಲ್ಲಿ ನಾನು ಇಟ್ಟ ಕಲ್ಲು ಎಷ್ಟು ಅಂತ ಬಂದು ಎಣಿಸಿ. ಬೇಕಾದರೆ ಧಣಿಗಳನ್ನೇ ಕೇಳಿ, ಅವರದೇ ಗದ್ದೆಯಲ್ಲವಾ, ಬದು ಒಡೆಯುವುದು ಎಲ್ಲಿ ಅಂತ ಅವರೇ ಹೇಳಲಿ.

ನಾನು ಹಿಂದಿನಿಂದ ಒಂದೊಂದನ್ನೇ ಕನ್ನಡ ಮಾಡುತ್ತಾ ಹೋದೆ. ಕೊಳಕೆ ಅನ್ನುವುದು ಆ ಸಾಹೇಬರಿಗೆ ಕೊಳಕು ಅಂತ ಕೇಳಿಸಿ, "ಗದ್ದೆ ಕೊಳಕಾಗಿದೆಯಾ?" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ತೊಡೆ ಚಿವುಟಿದಳು, ಎರಡು ದಿನ ನೀಲಿ ಇತ್ತು. ಧಣಿಗಳು ಬದುವಿನ ಪ್ರಶ್ನೆಗೆ ಏನೂ ಹೇಳಲಿಲ್ಲ. ಅವರು ಆ ಗದ್ದೆಗೆ ಇಳಿದದ್ದೇ ಇಲ್ಲ.

ಹೊರಗೆ ಬಂದ ಮೇಲೆ ಹೋಟೆಲಿನಲ್ಲಿ ನನಗೆ ಗೋಳಿಬಜೆ ತೆಗೆಸಿಕೊಟ್ಟಳು. ತಾನು ತಿನ್ನಲಿಲ್ಲ, ಬಸ್ಸಿನ ಕಾಸು ಎಣಿಸುತ್ತಾ ಕೂತಳು. ಆವತ್ತು ಅವಳು ನನ್ನನ್ನು ಹೊಗಳಿದಳು ಅಂತ ನೀನು ಅಂದುಕೊಂಡಿದ್ದರೆ, ಇಲ್ಲ. ಹಕ್ಕುಪತ್ರ ಕೈಗೆ ಬರಲು ಮತ್ತೆ ನಾಲ್ಕು ವರ್ಷ ಹಿಡಿಯಿತು.

ಧಣಿಗಳ ಮನೆಯವರು ರಾಕ್ಷಸರು ಅಂತ ನೀನು ತಿಳಿಯುವುದು ಬೇಡ. ನಿನ್ನ ಅಮ್ಮ ಹುಟ್ಟಿದಾಗ ಬಾಣಂತಿ ಮದ್ದಿಗೆ ಬೆಲ್ಲ, ತುಪ್ಪ ಕಳಿಸಿದ್ದು ಆ ಮನೆಯ ಅಮ್ಮನೇ. ವಿಚಾರಣೆಯ ಮೇಲೆ ಒಂದು ದಿನ ದಾರಿಯಲ್ಲಿ ಎದುರಾದವರು ಮುಖ ತಿರುಗಿಸಿ ಹೋದರು. ಹಕ್ಕುಪತ್ರ ಬಂದ ದಿನ ಅಮ್ಮ ಅಳಲಿಲ್ಲ. ಅವರು ಮುಖ ತಿರುಗಿಸಿ ಹೋದ ಆ ರಾತ್ರಿ ಅತ್ತಳು. ನಾನು ನಿದ್ದೆ ಬಂದವಳ ಹಾಗೆ ಮಲಗಿದ್ದೆ.

ಇಷ್ಟನ್ನೂ ಯಾಕೆ ಬರೆದೆ ಅಂದರೆ, ಅಮ್ಮನಿಂದ ನನಗೆ ಸಿಕ್ಕಿದ್ದು ಆವತ್ತು ಆ ಕೋಣೆಯಲ್ಲಿ. ಮಡಿಲಲ್ಲಿ ಕೂರಿಸಿಕೊಂಡು ಕಥೆ ಹೇಳಿದ್ದು ನನಗೆ ನೆನಪಿಲ್ಲ, ಅವಳಿಗೆ ಅಷ್ಟು ಪುರುಸೊತ್ತೂ ಇರಲಿಲ್ಲ. ಆದರೆ ಹಿಂದಿನ ರಾತ್ರಿ ಅವಳು ನಿದ್ದೆಯಿಲ್ಲದೆ ಮಗ್ಗುಲು ಬದಲಿಸಿದ್ದನ್ನು ನೋಡಿದ್ದೆ, ಬೆಳಿಗ್ಗೆ ಕೈ ನಡುಗಿ ಸೆರಗಿನ ಪಿನ್ನು ಸರಿ ಕೂರದೆ ಇದ್ದದ್ದನ್ನು ನೋಡಿದ್ದೆ, ಅದೇ ಕೈಯನ್ನು ಮೇಜಿನ ಮೇಲಿಟ್ಟು ಅವಳು ಮಾತಾಡಿದ್ದನ್ನೂ ನೋಡಿದ್ದೆ. ಮೂವತ್ತೈದು ವರ್ಷ ಟೀಚರಾಗಿದ್ದೆ. ಎಷ್ಟೋ ಕಚೇರಿಗಳಲ್ಲಿ ಎಷ್ಟೋ ಮೇಜುಗಳ ಎದುರು ನಿಂತಿದ್ದೇನೆ. ಪ್ರತಿ ಸಲ ಹೊಟ್ಟೆ ತೊಳಸುತ್ತಿತ್ತು, ಪ್ರತಿ ಸಲ ಮಾತಾಡಿದ್ದೇನೆ. ಹೊಟ್ಟೆ ತೊಳಸಿದರೂ ಮಾತಾಡಬಹುದು ಅಂತ ಗೊತ್ತಿತ್ತು, ನೋಡಿದ್ದೆನಲ್ಲ.

ನಿನ್ನ ಅಮ್ಮ ಅದೇ ಮನೆಯಲ್ಲಿ ಕಂಬ ನೋಡಿದಳು. ಒಬ್ಬಳೇ ತಾಯಿ, ಇಬ್ಬರು ಮಕ್ಕಳಿಗೆ ಬೇರೆ ಬೇರೆ ಪಾಲು. ಇದನ್ನು ಮುಚ್ಚಿಟ್ಟು ಅಮ್ಮನನ್ನು ಬರೀ ಹೊಗಳಿದರೆ ನಿನಗೆ ಸುಳ್ಳು ಹೇಳಿದ ಹಾಗೆ.

ಈಗ ನಿನ್ನ ವಿಷಯ. ಆಫೀಸಿನಲ್ಲಿ ಮುನ್ನೂರು ಜನ, ಮಗು ನೋಡಿಕೊಳ್ಳುವ ಜಾಗ ಇಲ್ಲ, ಎಚ್‌ಆರ್‌ನವರು "ನಮ್ಮ ಪಾಲಿಸಿಯಲ್ಲಿ ಇಲ್ಲ, ನೋಡೋಣ" ಅಂದರು, ನೀನು ಸುಮ್ನೆ ಬಂದೆ. ನಾನು ವಕೀಲೆಯಲ್ಲ. ಆದರೆ ನಿವೃತ್ತಿಯಾಗಿ ಕೂತಿದ್ದೇನೆ, ಪುರುಸೊತ್ತು ಇದೆ, ಓದಿ ನೋಡಿದೆ. ಹೆರಿಗೆ ಸೌಲಭ್ಯದ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಲ್ಲೇ ಬಂದದ್ದು, 26 ವಾರದ ರಜೆಯ ಜೊತೆಗೇ; 2025ರ ನವೆಂಬರ್‌ನಿಂದ ಆ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಇದೆ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಕ್ರೆಶ್ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಲು ಬಿಡಬೇಕು. ಅವರ ಪಾಲಿಸಿಯಲ್ಲಿ ಇದೆಯೋ ಇಲ್ಲವೋ ಅದು ಅವರ ತಲೆನೋವು. ಅಜ್ಜಿಗೆ ಕಂಬ ಬಿಟ್ಟರೆ ಬೇರೆ ಇರಲಿಲ್ಲ. ನಿನಗೆ ಕಾಯ್ದೆ ಇದೆ ಮಾರಾಯ್ತಿ, ಅದನ್ನು ಕೇಳದೆ ಬಾತ್‌ರೂಮಿನಲ್ಲಿ ಕೂತು ಅಳುವುದು ಯಾಕೆ?

ಬಾಯಿಮಾತಿನಲ್ಲಿ ಕೇಳಬೇಡ. ಬರೆದು ಕೊಡು, ಇಮೇಲ್ ಆದರೂ ಸರಿ, ಪ್ರತಿ ಇಟ್ಟುಕೋ. ರಶೀದಿ ಇಲ್ಲದೆ ಅಜ್ಜಿ ಪಟ್ಟ ಪಾಡು ಮೇಲೆ ಬರೆದಿದ್ದೇನಲ್ಲ. ಮತ್ತೆ ಒಬ್ಬಳೇ ಹೋಗಬೇಡ. ನಿನ್ನ ಫ್ಲೋರಿನಲ್ಲೇ ಇಬ್ಬರು ಬಸುರಿಯರು ಇದ್ದಾರೆ ಅಂದೆಯಲ್ಲ, ಅವರ ಸಹಿಯನ್ನೂ ಹಾಕಿಸು. ಚಿಕ್ಕ ಮಕ್ಕಳಿರುವ ಗಂಡಸರು ಸಹಿ ಹಾಕಿದರೆ ಇನ್ನೂ ಒಳ್ಳೆಯದು, ಮಗು ಅವರದ್ದೂ ಹೌದಲ್ಲ. ಸುಲಭ ಅಂತ ಹೇಳುವುದಿಲ್ಲ. ಅಪ್ರೈಸಲ್‌ನಲ್ಲಿ ಯಾರಾದರೂ ಮನಸ್ಸಿನಲ್ಲಿಟ್ಟುಕೊಳ್ಳಬಹುದು, ಊಟದ ಟೇಬಲ್ಲಿನಲ್ಲಿ ಒಬ್ಬಿಬ್ಬರು ಮುಖ ತಿರುಗಿಸಬಹುದು. ತಿರುಗಿಸಿದರೆ ನನಗೆ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಸರಿ.

ನಿನ್ನ ಅತ್ತೆ ಮಗು ತಬ್ಬಲಿ ಆಗುತ್ತದೆ ಅಂದದ್ದಕ್ಕೆ ಜಗಳ ಮಾಡಬೇಡ. ಅವರಿಗೆ ಮಂಡಿ ನೋವು, ದಿನವಿಡೀ ಮಗುವಿನ ಹಿಂದೆ ಓಡಲು ಆಗುವುದಿಲ್ಲ, ಅದನ್ನು ಹೇಳಿಕೊಳ್ಳಲು ಬಿಗುಮಾನ. ಸಂಜೆ ನೀನು ಬರುವಾಗ ಒಂದು ಗಂಟೆ ಅವರ ಕೈಯಲ್ಲೇ ಕೊಡು, ನೀನು ಸ್ನಾನ ಮಾಡಿ ಬಾ.

ಮಗುವಿಗೆ ಇನ್ನೂ ಏನೂ ತಿಳಿಯುವುದಿಲ್ಲ, ನಿಜ. ಈ ಗಲಾಟೆ ಹೇಗೂ ಒಂದು ವಾರದಲ್ಲಿ ಮುಗಿಯುವುದಲ್ಲ. ಇನ್ನು ನಾಲ್ಕೈದು ವರ್ಷ ಕಳೆದ ಮೇಲೆ ಇನ್ನೊಂದಕ್ಕೆ ಅರ್ಜಿ ಬರೆಯುತ್ತಾ ಕೂತಿರುತ್ತೀಯ, ಪಕ್ಕದಲ್ಲಿ ಅವಳು ಬಣ್ಣದ ಪೆನ್ಸಿಲ್ ಹಿಡಿದು ಅದೇ ಕಾಗದದ ಹಿಂದೆ ಗೀಚುತ್ತಾಳೆ. ಆಗ ಅವಳನ್ನು ಅಲ್ಲಿಂದ ಓಡಿಸಬೇಡ.

ಇಮೇಲ್ ಬರೆದು ಮೊದಲು ನನಗೆ ಕಳಿಸು. ಇಂಗ್ಲಿಷಿನಲ್ಲಿದ್ದರೂ ಓದುತ್ತೇನೆ, ಮೂವತ್ತೈದು ವರ್ಷ ಕೆಂಪು ಪೆನ್ನು ಹಿಡಿದ ಕೈ, ಸುಮ್ನೆ ಬಿಡುವುದಿಲ್ಲ. "ದಯವಿಟ್ಟು ಕ್ಷಮಿಸಿ" ಅಂತ ಶುರು ಮಾಡಿದ್ದರೆ ಮೊದಲ ಗೆರೆಯನ್ನೇ ಹೊಡೆದು ಹಾಕುತ್ತೇನೆ.

ಶುಕ್ರವಾರದ ಬಸ್ಸಿನಲ್ಲಿ ಹಲಸಿನ ಹಪ್ಪಳ, ಒಂದು ಸೇರು ಕುಚ್ಚಲಕ್ಕಿ ಕಳಿಸುತ್ತಿದ್ದೇನೆ. ಅಕ್ಕಿ ಆ ಬೈಲು ಗದ್ದೆಯದ್ದೇ, ಈಗ ಅಲ್ಲಿ ಒಂದೇ ಬೆಳೆ, ಉಳಿದದ್ದೆಲ್ಲ ಅಡಿಕೆ ಮಾಡಿದ್ದಾರೆ. ತೋಡಿನ ಬದಿಯ ಬದು ಈ ಸಲವೂ ಒಡೆಯಿತು.

ನಿನ್ನ,
ದೊಡ್ಡಮ್ಮ