ಲೂಪಸ್ ಇರುವ ಗರ್ಭಿಣಿಯರ ಒಪಿಡಿಗೆ ಐದು ವರ್ಷ: ಇವರಿಗೆಲ್ಲ ನಮ್ಮ ನಮಸ್ಕಾರ

ಲೂಪಸ್ (ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಇರುವ ಗರ್ಭಿಣಿಯರಿಗಾಗಿ ಸಂಧಿವಾತದ ವೈದ್ಯರೂ ಹೆರಿಗೆ ವೈದ್ಯರೂ ಒಂದೇ ಮೇಜಿಗೆ ಕೂತು ನೋಡುವ ನಮ್ಮ ಜಂಟಿ ಒಪಿಡಿಗೆ ಈ ತಿಂಗಳು ಐದು ವರ್ಷ ತುಂಬಿತು. ಮಗು ಎತ್ತಿಕೊಂಡು ಬಂದವರು ಪೇಡಾ ಕೊಟ್ಟು ಡಾಕ್ಟರಿಗೆ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಆದರೆ ಡಿಸ್ಚಾರ್ಜ್ ಕಾರ್ಡಿನಲ್ಲಿ ಹೆಸರೇ ಇಲ್ಲದ ಎಷ್ಟೋ ಜನ ಆ ಮಗುವಿಗಾಗಿ ದುಡಿದಿರುತ್ತಾರೆ. ಯಾರು ಏನು ಮಾಡಿದರು, ಅದರಿಂದ ಏನು ಉಳಿಯಿತು ಎಂದು ಬಿಡಿಸಿ ಹೇಳಿಯೇ ಅವರಿಗೆ ಕೈಮುಗಿಯುತ್ತಿದ್ದೇವೆ.

ಮೊದಲ ನಮಸ್ಕಾರ ಕಾದ ಹೆಣ್ಣುಮಕ್ಕಳಿಗೆ. ಮದುವೆಗೆ ಹೋದರೂ ನಾಮಕರಣಕ್ಕೆ ಹೋದರೂ "ಏನಾದ್ರೂ ವಿಶೇಷ ಇದೆಯಾ?" ಎಂದು ಕೇಳುವವರ ನಡುವೆ, ಕಾಯಿಲೆ ತಣ್ಣಗಾಗಿ ಕನಿಷ್ಠ ಆರು ತಿಂಗಳು ಕಳೆಯುವವರೆಗೆ ಬಸಿರನ್ನು ಮುಂದೂಡುವುದು ಸುಲಭದ ಮಾತಲ್ಲ. ಕಿಡ್ನಿಯಲ್ಲಿ ಲೂಪಸ್ ಕೆರಳಿರುವಾಗ ಬಸಿರು ನಿಂತರೆ ಗರ್ಭಪಾತ, ದಿನ ತುಂಬದ ಹೆರಿಗೆ, ವಿಪರೀತ ಬಿಪಿ ಎಲ್ಲದರ ಅಪಾಯವೂ ಏರುತ್ತದೆ. ಮಾತ್ರೆ ಬದಲಾಯಿಸುವ ಕೆಲಸವೂ ಈ ಕಾಯುವ ದಿನಗಳಲ್ಲೇ ನಡೆಯಬೇಕು. ಲೂಪಸ್ ಹತೋಟಿಗೆ ಕೊಡುವ ಮೈಕೊಫಿನೊಲೇಟ್ ಮಗುವಿನ ಕಿವಿ, ತುಟಿ, ಅಂಗುಳಿನ ಬೆಳವಣಿಗೆಯನ್ನು ಕೆಡಿಸಬಲ್ಲದು. ಬಸಿರಿಗೆ ಕನಿಷ್ಠ ಆರು ವಾರ ಮೊದಲೇ ಅದನ್ನು ನಿಲ್ಲಿಸಬೇಕು. ಮೆಥೊಟ್ರೆಕ್ಸೇಟ್ ಆದರೆ ಒಂದರಿಂದ ಮೂರು ತಿಂಗಳು ಮೊದಲು. ಬದಲಿಗೆ ಬರುವುದು ಅಜಥಯೊಪ್ರಿನ್, ದಿನಕ್ಕೆ ಕೆಜಿಗೆ 2 ಮಿಗ್ರಾಂ ಮೀರದಂತೆ. ಹೊಸ ಮಾತ್ರೆಗೆ ಕಾಯಿಲೆ ಹಿಡಿತದಲ್ಲಿ ನಿಲ್ಲುತ್ತದೆಯೇ ಎಂದು ಮತ್ತೆ ಕೆಲವು ತಿಂಗಳು ನೋಡಬೇಕು. ಅಷ್ಟೂ ದಿನ ತಾಳಿದ ನಿಮ್ಮ ಮುಂದೆ ನಮ್ಮ ಕೆಲಸ ಸಣ್ಣದು.

"ಬಸುರಿ ಇಷ್ಟೊಂದು ಮಾತ್ರೆ ನುಂಗಬಾರದು, ಉಷ್ಣ ಆಗುತ್ತೆ" ಎಂದು ಆತಂಕದಿಂದಲೇ ಬಂದು, ಕೂತು ಕೇಳಿ, ಆಮೇಲೆ ತಾವೇ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟ ಅತ್ತೆಯಂದಿರಿಗೆ ವಂದನೆ. ಬಸಿರಿನಲ್ಲೂ ಮುಂದುವರಿಸುವ ಲೂಪಸ್ ಮಾತ್ರೆ ಹೈಡ್ರಾಕ್ಸಿಕ್ಲೋರೊಕ್ವಿನ್ ನಿಲ್ಲಿಸಿದರೆ ಕೆಲವು ವಾರಗಳಲ್ಲೇ ಲೂಪಸ್ ಮತ್ತೆ ತಲೆಯೆತ್ತಬಹುದು. ಮಗುವಿಗೆ ಅದಕ್ಕಿಂತ ದೊಡ್ಡ ಅಪಾಯ ಮಾತ್ರೆಯಲ್ಲಿಲ್ಲ. ಪ್ರಮಾಣ ದಿನಕ್ಕೆ ಕೆಜಿಗೆ 5 ಮಿಗ್ರಾಂ ಒಳಗೆ. 50 ಕೆಜಿ ತೂಕದವರಿಗೆ ಅದು 250 ಮಿಗ್ರಾಂ ಆಗುತ್ತದೆ, ಹಾಗಾಗಿ ಒಂದು ದಿನ 200, ಮರುದಿನ 300. ಈ ಲೆಕ್ಕ ತಪ್ಪದಿರಲೆಂದು ಎರಡೂ ಸ್ಟ್ರಿಪ್‌ಗಳ ಬೆನ್ನಿಗೆ ಪೆನ್ನಿನಲ್ಲಿ ವಾರದ ಹೆಸರು ಬರೆದುಕೊಟ್ಟ ಮೆಡಿಕಲ್ ಶಾಪಿನ ಅಣ್ಣಂದಿರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಹನ್ನೆರಡನೇ ವಾರದ ಸುಮಾರಿಗೆ, ತಡವೆಂದರೂ ಹದಿನಾರರೊಳಗೆ, ರಾತ್ರಿ ಹೊತ್ತು ಸಣ್ಣ ಆಸ್ಪಿರಿನ್ 75ರಿಂದ 150 ಮಿಗ್ರಾಂ ಶುರುವಾಗುತ್ತದೆ. ಮಾಸು ಬೇರೂರುವ ಹೊತ್ತು ಅದು. ಆಮೇಲೆ ಕೊಟ್ಟರೆ ಅಷ್ಟು ಫಲವಿಲ್ಲ.

ರಕ್ತ ತೆಗೆಯುವ ಸಿಸ್ಟರ್‌ಗಳಿಗೆ, ಲ್ಯಾಬಿನವರಿಗೆ ಒಂದು ವಿಶೇಷ ಮಾತು. ಲೂಪಸ್ ಆಂಟಿಕೊಯಾಗ್ಯುಲೆಂಟ್ ಎಂದರೆ ಮೈಯೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುವ ಆಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳಲ್ಲಿ ಒಂದು; ಅದರ ಪರೀಕ್ಷೆಗೆ ನೀಲಿ ಮುಚ್ಚಳದ ಟ್ಯೂಬು. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಒಂದು ಪಾಲು ಇದ್ದರೆ ಒಂಬತ್ತು ಪಾಲು ರಕ್ತ ಬೀಳಬೇಕು. ಗೆರೆಯವರೆಗೆ ತುಂಬದಿದ್ದರೆ ಸಿಟ್ರೇಟ್ ಹೆಚ್ಚಾಗಿ, ರಕ್ತ ಹೆಪ್ಪುಗಟ್ಟುವ ಹೊತ್ತು ಸುಳ್ಳುಸುಳ್ಳೇ ಉದ್ದವಾಗಿ ಕಂಡು ಪರೀಕ್ಷೆ ಪಾಸಿಟಿವ್ ಎನ್ನಿಸಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಂಜೆಕ್ಷನ್ ಶುರುಮಾಡಿದ ಮೇಲೆ ತೆಗೆದರೂ ಫಲಿತಾಂಶ ಕೆಡುತ್ತದೆ. ಗೆರೆ ಮುಟ್ಟದ ಟ್ಯೂಬನ್ನು "ಇದು ನಡೆಯಲ್ಲ, ಇನ್ನೊಮ್ಮೆ ತೆಗೀರಿ" ಎಂದು ವಾಪಸು ಕಳಿಸಿದವರೇ ಎಷ್ಟೋ ತಾಯಂದಿರನ್ನು ಒಂಬತ್ತು ತಿಂಗಳ ಬೇಡದ ಇಂಜೆಕ್ಷನ್‌ಗಳಿಂದ ಉಳಿಸಿದ್ದಾರೆ. ಪಾಸಿಟಿವ್ ಬಂದರೂ ಹನ್ನೆರಡು ವಾರ ಬಿಟ್ಟು ಮತ್ತೊಮ್ಮೆ ಪಾಸಿಟಿವ್ ಬಂದರೆ ಮಾತ್ರ ಅದನ್ನು ಖಚಿತವೆನ್ನುವುದು. ಈ ಪರೀಕ್ಷೆ ಬಸಿರಿಗೆ ಮೊದಲೇ ಮುಗಿದಿರಲಿ ಎಂದು ನಾವು ಒತ್ತಾಯಿಸುವುದು ಇದಕ್ಕೇ.

ರಕ್ತದಲ್ಲಿ ಆಂಟಿ-ರೋ ಎಂಬ ಪ್ರತಿಕಾಯ ಇರುವ ತಾಯಂದಿರಲ್ಲಿ ನೂರಕ್ಕೆ ಸುಮಾರು ಇಬ್ಬರ ಮಗುವಿನ ಹೃದಯದ ವಿದ್ಯುತ್ ದಾರಿ ಕೆಟ್ಟು ಬಡಿತ ನಿಧಾನವಾಗುತ್ತದೆ. ಮೊದಲೊಂದು ಮಗುವಿಗೆ ಹೀಗಾಗಿದ್ದರೆ ಈ ಅಪಾಯ ನೂರಕ್ಕೆ 16ರಿಂದ 18. ಹದಿನಾರರಿಂದ ಇಪ್ಪತ್ತಾರನೇ ವಾರದವರೆಗೆ, ಮಗು ಮಗ್ಗುಲು ತಿರುಗುವವರೆಗೂ ಕಾದು ಪಿಆರ್ ಅಂತರ (ಹೃದಯದ ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ವಿದ್ಯುತ್ ಸಂದೇಶ ತಲುಪುವ ಹೊತ್ತು) ಅಳೆದ ಸ್ಕ್ಯಾನಿಂಗ್ ವೈದ್ಯರಿಗೆ ನಮಸ್ಕಾರ. 150 ಮಿಲಿಸೆಕೆಂಡ್ ದಾಟಿದರೆ ಎಚ್ಚರ. ಆ ದಾರಿ ಪೂರ್ತಿ ಮುಚ್ಚಿ ಪೂರ್ಣ ಬ್ಲಾಕ್ ಆದಮೇಲೆ ಹಿಂದಿರುಗಿಸುವ ಮದ್ದಿಲ್ಲ.

ಎಲ್ಲಕ್ಕಿಂತ ಹೆಚ್ಚು ಋಣ ಮೂತ್ರವನ್ನು ಮೈಕ್ರೋಸ್ಕೋಪಿನಡಿ ನೋಡುವವರದು. ಏಳನೇ ತಿಂಗಳಲ್ಲಿ ಬಿಪಿ 150/100, ಕಾಲು ಊತ, ಮೂತ್ರದಲ್ಲಿ ಪ್ರೋಟೀನ್. ಇದು ಗರ್ಭನಂಜೋ (ಬಸಿರಿನಿಂದಲೇ ಬಿಪಿ ಏರುವ ಪ್ರೀಎಕ್ಲಾಂಪ್ಸಿಯಾ), ಕಿಡ್ನಿಯಲ್ಲಿ ಲೂಪಸ್ ಕೆರಳಿದ್ದೋ? ಹೊರಗಿಂದ ಎರಡೂ ಒಂದೇ ಥರ, ಚಿಕಿತ್ಸೆ ಮಾತ್ರ ತದ್ವಿರುದ್ಧ: ಒಂದಕ್ಕೆ ಹೆರಿಗೆಯೇ ಮದ್ದು, ಇನ್ನೊಂದಕ್ಕೆ ಸ್ಟೀರಾಯ್ಡ್ ಕೊಟ್ಟು ಮಗುವನ್ನು ಒಳಗೇ ಉಳಿಸಿಕೊಳ್ಳಬೇಕು. ಮೂತ್ರದಲ್ಲಿ ಕೆಂಪು ರಕ್ತಕಣಗಳ ಕಾಸ್ಟ್ ಕಂಡರೆ ಲೂಪಸ್ ಕಡೆಗೆ ವಾಲುತ್ತೇವೆ. ಈ ಕಾಸ್ಟ್ ಅನ್ನುವುದು ಕಿಡ್ನಿಯ ಸಣ್ಣ ನಾಳದೊಳಗೆ ಅಚ್ಚುಹಾಕಿದಂತೆ ಮೂಡಿ ಬರುವ ಕಂದುಗೆಂಪು ಕೊಳವೆ. ಸ್ಯಾಂಪಲ್ ಎರಡು ಗಂಟೆ ಮೇಜಿನ ಮೇಲೆ ಉಳಿದರೆ ಕರಗಿಹೋಗಬಹುದು. ಬಾಟಲಿ ಕೈಗೆ ಬಂದ ಕೂಡಲೇ ಮೆಷಿನ್ನಿಗಷ್ಟೇ ಬಿಡದೆ ಸ್ಲೈಡು ಮಾಡಿ ತಾವೇ ಕಣ್ಣಿಟ್ಟು ನೋಡಿದ ಟೆಕ್ನಿಷಿಯನ್‌ಗಳೇ, ನಿಮ್ಮ ಒಂದು ಫೋನ್ ಕರೆಯಿಂದ ಇಪ್ಪತ್ತೆಂಟು ವಾರದ ಮಗು ಇನ್ನೂ ಕೆಲವು ವಾರ ತಾಯಿಯ ಹೊಟ್ಟೆಯಲ್ಲೇ ಬೆಳೆಯಬಹುದು. ಜೊತೆಗೆ ಲೂಪಸ್ ಕೆರಳಿದಾಗ ರಕ್ತದಲ್ಲಿ ಇಳಿಯುವ ಸಿ3, ಸಿ4 ಎಂಬ ಪ್ರೋಟೀನ್‌ಗಳನ್ನು ನೋಡುತ್ತೇವೆ. ಬಸಿರಿನಲ್ಲಿ ಇವು ತಾವಾಗಿಯೇ ಏರುತ್ತವೆ. ಹಾಗಾಗಿ ರಿಪೋರ್ಟಿನಲ್ಲಿ "ನಾರ್ಮಲ್" ಎಂದಿದ್ದರೂ, ಆಕೆಯದೇ ಹಿಂದಿನ ಅಂಕಿಗಿಂತ ಕೆಳಗಿದ್ದರೆ ಅದು ಇಳಿಕೆಯೇ. ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್‌ದು ಇದಕ್ಕೆ ಉಲ್ಟಾ. ಬಸಿರಿನಲ್ಲಿ ಅದು ಇಳಿಯಬೇಕು, 0.9 ಇದ್ದರೆ ನಾವು ಸಮಾಧಾನಪಡುವಂತಿಲ್ಲ. ಹಳೆಯ ರಿಪೋರ್ಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿ ತಂದ ಗಂಡಂದಿರೇ, ಆ ಕವರು ನಮಗೆ ಎಷ್ಟು ಬೆಲೆಯದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ.

ತಾಯಿ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಬಿದ್ದವರ ಮನೆಗೆ ಹೋಗಿ, ಐದು ನಿಮಿಷ ಕೂರಿಸಿ, ತೋಳು ಎದೆಮಟ್ಟಕ್ಕಿಟ್ಟು ಬಿಪಿ ನೋಡಿಸಿದ ಆಶಾ ಅಕ್ಕಂದಿರಿಗೆ, ಎಎನ್‌ಎಂ ಸಿಸ್ಟರ್‌ಗಳಿಗೆ ಶರಣು. ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ಬಲಕ್ಕೆ ನೋವು ಎಂದ ತಕ್ಷಣ "ನಾಳೆ ನೋಡೋಣ" ಎನ್ನದೆ ಗಾಡಿ ಹತ್ತಿಸಿದ್ದೀರಿ.

ಕೊನೆಗೆ ತವರುಮನೆಯವರಿಗೆ. ಚೊಚ್ಚಲ ಹೆರಿಗೆ ತವರಲ್ಲಿ ಎಂಬುದು ನಮ್ಮ ರೂಢಿ. ಸೀಮಂತ ಮುಗಿಸಿ ಮಗಳನ್ನು ಕರೆದೊಯ್ಯುವುದು ಏಳು, ಎಂಟನೇ ತಿಂಗಳಲ್ಲಿ. ಎರಡು ವಾರಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ನೋಡಬೇಕಾದ ದಿನಗಳೂ ಅವೇ. ಮಡಿಲು ತುಂಬಿದ ಹೊತ್ತಿನಲ್ಲೂ ಫೈಲು ಮರೆಯದೆ ಒಯ್ದವರು, ಮೊದಲೇ ಅಲ್ಲಿನ ವೈದ್ಯರಿಗೆ ತೋರಿಸಿ ಬಂದವರು, ಈ ಬಾರಿ ಹೆರಿಗೆ ಆಗುವವರೆಗೂ ಇಲ್ಲೇ ಇರಲಿ ಎಂದು ತಾವೇ ಬಂದು ಉಳಿದ ಅಮ್ಮಂದಿರು, ಎಲ್ಲರಿಗೂ ನಾವು ಋಣಿಗಳು.

ಬಾಣಂತನದಲ್ಲೂ ನೀವೇ ನಮ್ಮ ಕಣ್ಣು. ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ಲೂಪಸ್ ಕೆರಳುವುದುಂಟು; ಸುಸ್ತು, ಕೀಲುನೋವು ಎಲ್ಲ ಬಾಣಂತಿಗೆ ಸಹಜ ಎಂದು ತಳ್ಳಿಹಾಕದೆ ತೋರಿಸಿದ್ದೀರಿ. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಬಿಟ್ಟು ಕೇಳಿದಷ್ಟು ಕೊಟ್ಟಿದ್ದೀರಿ, ಯಾಕೆಂದರೆ ನೀರು ಕಮ್ಮಿಯಾದರೆ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಆಂಟಿಫಾಸ್ಫೊಲಿಪಿಡ್ ಪ್ರತಿಕಾಯ ಇರುವವರಿಗೆ ಹೆರಿಗೆಯ ನಂತರ ಆರು ವಾರ ಹೆಪಾರಿನ್ ಜಾತಿಯ ಎನೊಕ್ಸಪರಿನ್ ಇಂಜೆಕ್ಷನ್. ಹೊಕ್ಕುಳಿಂದ ಎರಡು ಅಂಗುಲ ಬಿಟ್ಟು, ಚರ್ಮ ಮಡಿಚಿ ಹಿಡಿದು ನೆಟ್ಟಗೆ ಚುಚ್ಚಬೇಕು, ತುಂಬಿ ಬಂದ 40 ಮಿಗ್ರಾಂ ಸಿರಿಂಜಿನ ಗಾಳಿಗುಳ್ಳೆ ಹೊರಹಾಕಬಾರದು, ಚುಚ್ಚಿದ ಜಾಗ ಉಜ್ಜಬಾರದು. ಕನ್ನಡಕ ಹಾಕಿಕೊಂಡು ಇದನ್ನೆಲ್ಲ ಕಲಿತು, ಒಂದೇ ಕಾಲಿನ ಮೀನಖಂಡ ಊದಿದೆಯೇ ಎಂದು ದಿನಾ ಮುಟ್ಟಿ ನೋಡಿದ ಅಜ್ಜಿಯರೇ, ಈ ಪೇಡಾ ನಿಮಗೂ ಸೇರಬೇಕಾದ್ದು.