ಹೆಬ್ಬಾತಿನ ಪಟ್ಟಿ ಆಡಿನ ಕೊರಳಲ್ಲಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಇದು ನನ್ನ ನಾಲ್ಕನೇ ಪತ್ರ. ಮೂರನ್ನು ನಿಮ್ಮ ಕಚೇರಿಗೆ ಬಂದು ಕೈಯಾರೆ ಕೊಟ್ಟಿದ್ದೆ. ಉತ್ತರ ಇಲ್ಲ. ಅದಕ್ಕೆ ಈ ಸಲ ಎಲ್ಲರೂ ಓದಲಿ ಅಂತ ಬರೆಯುತ್ತಿದ್ದೇನೆ.

ಯಾದಗಿರಿ ಜಿಲ್ಲೆಯ ನಮ್ಮೂರ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆ, ಅದರ ಹಿಂಬದಿ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ. ಹೊಲದಲ್ಲಿ ಕಡಲೆ ಮೇಯುತ್ತವೆ ಅಂತ ರೈತರಿಗೆ ಸಿಟ್ಟಿದೆ, ಅದು ಸುಳ್ಳಲ್ಲ. ನಮ್ಮಣ್ಣನ ಹೊಲವೂ ಅಲ್ಲೇ ಇದೆ. ಆದರೆ ಉರುಲು ಹಾಕುವವರು ರೈತರಲ್ಲ, ಮಾಂಸ ಮಾರುವವರು.

ನಾನು ಟೇಲರ್. ಅಂಗಡಿ ತೆಗೆಯುವ ಮೊದಲು ಬೈನಾಕ್ಯುಲರ್ ಹಿಡಿದು ಕೆರೆ ಒಡ್ಡಿಗೆ ಹೋಗುವುದು ಹನ್ನೊಂದು ವರ್ಷದ ರೂಢಿ. ಕಳೆದ ಜನವರಿಯಲ್ಲಿ ಒಂದು ಹೆಬ್ಬಾತಿನ ಕೊರಳಲ್ಲಿ ಪ್ಲಾಸ್ಟಿಕ್ ಪಟ್ಟಿ ಕಂಡಿತು. ಅದರ ಮೇಲೆ ಅಕ್ಷರ, ಅಂಕಿ. ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತಿಳಿಯಲು ಹಾಕುವ ಪಟ್ಟಿ. ಖುಷಿಗೆ ಕೈ ನಡುಗಿ ಕೊನೆಯ ಅಂಕಿ ಓದಲಾಗಲಿಲ್ಲ. ನಾಳೆ ಓದಿದರಾಯಿತು ಅಂದುಕೊಂಡೆ.

ಮರುದಿನ ಹಕ್ಕಿ ಇಲ್ಲ. ದಡದಲ್ಲಿ ಪುಕ್ಕ ಬಿದ್ದಿತ್ತು. ಸಂಬಂಧಪಟ್ಟವರಿಗೆ ಫೋನ್ ಮಾಡಿದೆ. ‘ಕೊರಳಿಗೆ ಬೆಲ್ಟ್ ಇತ್ತಾ? ಹಂಗಾದ್ರ ಯಾರೋ ಸಾಕಿದ್ದು ಇರಬೇಕು ಬಿಡ್ರಿ’ ಅಂದರು. ಮೂರನೇ ದಿನ ಆ ಪಟ್ಟಿ ದಾರಕ್ಕೆ ಪೋಣಿಸಿಕೊಂಡು ಒಂದು ಆಡಿನ ಕೊರಳಲ್ಲಿ ನೇತಾಡುತ್ತಿತ್ತು. ಆಡು ಸುಮ್ನೆ ನಿಂತಿತ್ತು, ಆರಾಮಾಗಿ ಓದಿದೆ. ಕೊನೆಯ ಅಂಕಿ 7.

1972ರ ವನ್ಯಜೀವಿ ಕಾಯ್ದೆಯನ್ನು ನಿಮಗೆ ನಾನು ಹೇಳಿಕೊಡಬೇಕಾ ಸಾಹೇಬ್ರೇ? ನಾನು ಕೇಳುವುದು ಒಂದೇ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕೆರೆಗೆ ಒಬ್ಬ ಕಾವಲುಗಾರ. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಇದೇ ಹಕ್ಕಿ ಬರುತ್ತದೆ. ಅದು 2024ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಕೆರೆ-ಜೌಗು ಪ್ರದೇಶಗಳ ಪಟ್ಟಿ, ಸೇರಿತು. ನಮ್ಮದೇ ಜಿಲ್ಲೆಯ ಬೋನಾಳಕ್ಕೆ ಪಕ್ಷಿಧಾಮ ಅನ್ನುವ ಹೆಸರಾದರೂ ಇದೆ. ನಮ್ಮ ಕೆರೆಗೆ ಹೆಸರೂ ಬೇಡ, ಬೋರ್ಡೂ ಬೇಡ. ಒಬ್ಬ ಕಾವಲುಗಾರ ಸಾಕು.

ಕೆರೆ ತುಂಬಿದಾಗ ನೀವು ಬಾಗಿನ ಬಿಡಲು ಬಂದಿರಿ. ಫೋಟೋ ಚೆನ್ನಾಗಿ ಬಂದಿದೆ. ಹಿಂದೆ ನಿಂತ ಬೆಳ್ಳಕ್ಕಿಗಳನ್ನು ‘ವಿದೇಶಿ ಬಾತುಕೋಳಿಗಳು’ ಅಂತ ನಿಮ್ಮ ಹುಡುಗರು ಬರೆದಿದ್ದಾರೆ. ಇರಲಿ ಬಿಡಿ, ಆ ಕಾವಲುಗಾರನಿಗೂ ಹಕ್ಕಿ ಗುರುತು ಹಿಡಿಯಲು ಬರಬೇಕಿಲ್ಲ. ರಾತ್ರಿ ಟಾರ್ಚ್ ಹಿಡಿದು ಒಡ್ಡಿನ ಮೇಲೆ ನಡೆದರೆ ಸಾಕು. ಮತ್ತೆ ಹೇಳುತ್ತೇನೆ, ನವೆಂಬರ್ ಒಳಗೆ ಒಬ್ಬ ಕಾವಲುಗಾರ.

ಪಟ್ಟಿಯನ್ನು ಆಡಿನಿಂದ ಬಿಚ್ಚಿಕೊಂಡು ಬಂದಿದ್ದೇನೆ. ಹೊಲಿಗೆ ಮಷಿನ್ನಿನ ಡ್ರಾಯರ್‌ನಲ್ಲಿದೆ. ಯಾರಾದರೂ ತನಿಖೆಗೆ ಬಂದರೆ ಕೊಡುತ್ತೇನೆ.

ಇತಿ,
ಕೆರೆ ಒಡ್ಡಿನ ಹತ್ತಿರದ ಟೇಲರ್