ಪೋಷಕರಿಗೆ ಪತ್ರ: ಶನಿವಾರ ಸಂಜೆ ಹೊಲದಲ್ಲಿ ಗೂಬೆ ನೋಡುವ ಬಗ್ಗೆ

ಎಂಟು ಮತ್ತು ಒಂಬತ್ತನೇ ತರಗತಿ ಮಕ್ಕಳ ಪೋಷಕರಿಗೆ ನಮಸ್ಕಾರ.

ಬರುವ ಶನಿವಾರ ಸಂಜೆ ಮಕ್ಕಳನ್ನು ಹೊಲಗಳ ಕಡೆ ಹಕ್ಕಿ ನೋಡಲು ಕರೆದುಕೊಂಡು ಹೋಗುತ್ತೇವೆ ಅಂತ ಸೋಮವಾರ ಹೇಳಿ ಕಳಿಸಿದ್ದೆ. ಮರುದಿನವೇ ಒಬ್ಬ ಹುಡುಗನ ಆಯಿ ಶಾಲೆಗೆ ಬಂದರು. “ಸರ, ಹೊತ್ತು ಮುಳುಗಿದ ಮ್ಯಾಲ ಹುಡುಗರಿಗೆ ಗೂಬಿ ತೋರಿಸ್ಲಿಕ್ಕ ಒಯ್ತೀರಂತ, ಖರೇನ್ರಿ?” ಎಂದು ಕೇಳಿದರು. ಖರೇ. ಬಾಯಿಬಿಟ್ಟು ಕೇಳಿದವರು ಅವರೊಬ್ಬರೇ. ಮನಸ್ಸಿನಲ್ಲೇ ಅಂದುಕೊಂಡವರು ಜಾಸ್ತಿ ಇರಬೇಕು. ಅದಕ್ಕೇ ಈ ಪತ್ರ.

ಗೂಬೆ ಕೂಗಿದರೆ ನಮ್ಮ ಅವ್ವನೂ ಒಲೆಯ ಕೊಳ್ಳಿ ಹಿಡಿದು ಹೊರಗೆ ಬರುತ್ತಿದ್ದಳು. ಅದೇ ಅವ್ವ, ಬುಡಬುಡಕಿಯವನು ಬಾಗಿಲಿಗೆ ಬಂದು “ಹಾಲಕ್ಕಿ ನುಡಿತೈತಿ” ಎಂದರೆ ಮೊರದ ತುಂಬ ಜೋಳ ತಂದು ಹಾಕುತ್ತಿದ್ದಳು. ಹಾಲಕ್ಕಿ ಅಂದರೂ ಗೂಬೆಯೇ! ಬೇವಿನ ಮರದ ಪೊಟರೆಯಿಂದ ಇಣುಕಿ ತಲೆ ಕುಣಿಸುವ ಆ ಪುಟ್ಟ ಚುಕ್ಕೆ ಗೂಬೆ. ಇದು ನನಗೆ ಗೊತ್ತಾಗಿದ್ದು ಮಾಸ್ತರನಾದ ಮೇಲೆ.

ನಮ್ಮ ಶಾಲೆಯ ಹಳೇ ಕೋಣೆಯ ಮಾಡಿನಲ್ಲಿ ಬಿಳಿ ಮುಖದ ಕಣಜ ಗೂಬೆಯೊಂದು ಇದೆ. ಅದು ಇಲಿಯನ್ನು ಇಡಿಯಾಗಿ ನುಂಗುತ್ತದೆ. ಅರಗದ ಕೂದಲು, ಎಲುಬನ್ನು ಉಂಡೆ ಮಾಡಿ ಉಗುಳುತ್ತದೆ. ಒಂಬತ್ತನೇ ತರಗತಿಯವರು ಅಂಥದೊಂದು ಉಂಡೆಯನ್ನು ನೀರಲ್ಲಿ ನೆನೆಸಿ ಬಿಡಿಸಿದರು. ಮೂರು ಇಲಿಗಳ ತಲೆಬುರುಡೆ ಸಿಕ್ಕವು. ತೊಗರಿ ರಾಶಿ ಹೊತ್ತಿಗೆ ಇಲಿ ಎಷ್ಟು ಹಾಳು ಮಾಡುತ್ತದೆ ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಈ ಚಳಿಯಲ್ಲೇ ಯಾಕೆ ಅಂತ ಕೇಳಬಹುದು. ನಮ್ಮೂರ ಗೂಬೆ ವರ್ಷವಿಡೀ ಇಲ್ಲೇ ಇರುತ್ತದೆ, ಗೂಬೆಯ ಜೊತೆ ನಾವು ನೋಡಲು ಹೊರಟ ಇನ್ನೊಂದು ಹಕ್ಕಿ ಹ್ಯಾರಿಯರ್ ಇರುವುದಿಲ್ಲ. ಕಜಾಕಿಸ್ತಾನದ ಕಡೆಯ ಬಯಲುಗಳಲ್ಲಿ ಮರಿ ಮಾಡಿ, ಚಳಿಗೆ ಮುಂಚೆ ಸಾವಿರಾರು ಕಿಲೋಮೀಟರ್ ಹಾರಿ ನಮ್ಮ ಎರೆ ಹೊಲಗಳಿಗೆ ಬರುವ ಹದ್ದಿನ ಜಾತಿಯ ಹಕ್ಕಿ ಇದು. ಮಾರ್ಚ್, ಏಪ್ರಿಲ್ ಹೊತ್ತಿಗೆ ವಾಪಸ್. ಹಗಲೆಲ್ಲ ಜೋಳದ ತೆನೆ ಸವರುವಷ್ಟು ಕೆಳಗೆ ತೇಲುತ್ತಾ ಮಿಡತೆ, ಇಲಿ, ಸಣ್ಣ ಹಕ್ಕಿ ಹಿಡಿಯುತ್ತದೆ. ರಾತ್ರಿ ಮಾತ್ರ ಮರ ಹತ್ತುವುದಿಲ್ಲ. ಹುಲ್ಲಿನ ನಡುವೆ ನೆಲದ ಮೇಲೆಯೇ, ಹಲವು ಹಕ್ಕಿಗಳು ಒಂದೇ ಕಡೆ ಸೇರಿ ಮಲಗುತ್ತವೆ. ಹಳ್ಳದ ಆಚೆ ಬೀಳು ಬಿದ್ದ ಹೊಲಕ್ಕೆ ಹೋದ ವಾರ ಹನ್ನೊಂದು ಇಳಿದಿದ್ದನ್ನು ವಿಜ್ಞಾನದ ಸರ್ ಎಣಿಸಿ ಬಂದಿದ್ದಾರೆ. ಆ ಹುಲ್ಲನ್ನೂ ಉತ್ತುಬಿಟ್ಟರೆ ಅವು ಎಲ್ಲಿ ಮಲಗಬೇಕೋ ನನಗೆ ತಿಳಿಯದು. ದಾರಿಯಲ್ಲಿ ಕರೆಂಟ್ ತಂತಿಯ ಮೇಲೆ ಕೆಂಪು ಕಣ್ಣಿನ ರಾಮದಾಸ ಹದ್ದೂ ಸಿಗಬಹುದು.

ಹೋದ ವರ್ಷ ತಪ್ಪು ನನ್ನದೇ. ಎಪ್ಪತ್ತು ಮಕ್ಕಳನ್ನು ಒಟ್ಟಿಗೆ ಹೊರಡಿಸಿದ್ದೆ. ಆ ಗದ್ದಲದಲ್ಲಿ ಟಿಟ್ಟಿಭದ ಬೈಗುಳ ಬಿಟ್ಟರೆ ನಮಗೆ ಬೇರೇನೂ ಸಿಗಲಿಲ್ಲ. ಈ ಸಲ ಇಪ್ಪತ್ತೇ ಮಕ್ಕಳು. ಉಳಿದವರಿಗೆ ಮುಂದಿನ ಶನಿವಾರಗಳು ಇವೆ.

ಸಂಜೆ 4.45ಕ್ಕೆ ಶಾಲೆಯಿಂದ ನಡೆದೇ ಹೊರಡುತ್ತೇವೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿದ ಹೊಲಗಳೇ ಅವು, ಮಕ್ಕಳಿಗೆ ದಾರಿ ಹೊಸದಲ್ಲ. ಹೊಲದವರ ಒಪ್ಪಿಗೆ ಪಡೆದಿದ್ದೇವೆ. ಬದು ಬಿಟ್ಟು ಬೆಳೆಯೊಳಗೆ ಯಾರೂ ಇಳಿಯುವುದಿಲ್ಲ. ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ, 7.15ಕ್ಕೆ ಶಾಲೆಯಲ್ಲಿರುತ್ತೇವೆ. ಹೆಣ್ಣುಮಕ್ಕಳನ್ನು ಇಬ್ಬರು ಟೀಚರ್ ಮನೆ ಬಾಗಿಲಿಗೇ ಬಿಟ್ಟು ಬರುತ್ತಾರೆ. ಚಪ್ಪಲಿ ಬೇಡ, ಬೂಟು ಇರಲಿ. ಎರೆ ಮಣ್ಣಿನ ಬಿರುಕಲ್ಲಿ ಹಾವು, ಚೇಳು ಇರುತ್ತವೆ ಅಲ್ವಾ? ಸ್ವೆಟರ್ ಬೇಕು. ಬಿಳಿ, ಹೊಳೆಯುವ ಬಟ್ಟೆ ಬೇಡ. ಟಾರ್ಚ್‌ಗೆ ಕೆಂಪು ಕಾಗದ ಸುತ್ತಿ ನಾವೇ ತರುತ್ತೇವೆ. ಮೊಬೈಲ್ ಮನೆಯಲ್ಲೇ ಇರಲಿ, ಫ್ಲ್ಯಾಶ್ ಹಾಕಿ ಫೋಟೊ ತೆಗೆಯುವುದು, ಕೂಗು ಹಚ್ಚಿ ಹಕ್ಕಿ ಕರೆಯುವುದು ನಡೆಯುವುದಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಯಾವ ಮರದಲ್ಲಿ ಗೂಬೆ ಕಂಡಿತು ಅಂತ ಮಗು ಹೇಳಿದರೆ ಅದನ್ನು ವಾಟ್ಸಾಪ್‌ನಲ್ಲಿ ಹಾಕಬೇಡಿ. ಮಾಟ, ನಿಧಿ ಅಂತ ಗೂಬೆ ಹಿಡಿದು ಮಾರುವವರು ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ.

ಕೆಳಗಿನ ಚೀಟಿಗೆ ಸಹಿ ಮಾಡಿ ಶುಕ್ರವಾರದೊಳಗೆ ಕಳಿಸಿ. ಮನಸ್ಸಿಲ್ಲದಿದ್ದರೆ ಕಳಿಸಬೇಡಿ, ನಾವೇನೂ ಬೇಜಾರಾಗುವುದಿಲ್ಲ. ಅಂದ ಹಾಗೆ, ಆ ಆಯಿ ತಾವೂ ಬರುತ್ತೇನೆ ಅಂದಿದ್ದಾರೆ. ದೊಡ್ಡವರಿಗೆ ಇನ್ನೂ ಮೂರು ಜಾಗ ಇವೆ. ಅರ್ಧ ತಾಸು ಸುಮ್ನೆ ಕೂರಲು ಆಗಬೇಕು, ಅಷ್ಟೇ.

ಇಂತಿ ನಿಮ್ಮ,
ಮುಖ್ಯ ಗುರುಗಳು
ಸರ್ಕಾರಿ ಪ್ರೌಢಶಾಲೆ, ಕಲಬುರಗಿ ತಾಲ್ಲೂಕು